ಅಳಿಯನ ರೇಡಿಯೋ

ಜೂನ್ 3, ಮಂಗಳವಾರ

ಈ ಡೈರಿ ಪುಟ್ಟಿ ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿಯವರು ಬಿಟ್ಟಿ ಹಂಚಿದ್ದು. ಒಂದೊಂದು ಪುಟದ ಕೆಳಗೂ ಒಂದು ಕನ್ನಡಕದ ಚಿತ್ರ. ಏನು ಬರೆದರೂ ಕೆಳಗಿನಿಂದ ಯಾರೋ ಕಣ್ಣರಳಿಸಿ ಓದುತ್ತಿರುವ ಹಾಗಿದೆ. ಓದಲಿ ಬಿಡು. ನನ್ನನ್ನು ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿ ಎಮ್ಮೆ ಹಿಂದೆ ಅಟ್ಟಿದರು, ಆದರೂ ಅಕ್ಷರ ನನ್ನನ್ನು ಬಿಟ್ಟು ಹೋಗಲಿಲ್ಲ. ಈ ಮನೆಯಲ್ಲಿ ಮಾತಿಗೆ ಜನ ಸಿಗುವುದಿಲ್ಲ. ಬಾಯಿ ಹೊಲಿದುಕೊಂಡು ಕೂತು ನನಗೆ ಅಭ್ಯಾಸವಿಲ್ಲ. ಅದಕ್ಕೇ ಈ ಬರವಣಿಗೆ.

ಪುಟ್ಟಿ ನನ್ನ ಮೊಮ್ಮಗಳು. ಅವಳ ತಾಯಿ, ಅಂದರೆ ನನ್ನ ಮಗಳು, ತೀರಿಕೊಂಡ ಮೇಲೆ ನಾನೇ ಸಾಕಿದ್ದು. ಹೋದ ತಿಂಗಳು ಪುಟ್ಟಿಗೆ ಬಸಿರು ಇಳಿದುಹೋಯಿತು. ರಕ್ತ ಕೊಡವನ್ನು ಬಗ್ಗಿಸಿದ ಹಾಗೆ ಹೋಯಿತಂತೆ. ಮುಖ ಸುಣ್ಣ ಹೊಡೆದ ಗೋಡೆಯಾಗಿದೆ. ಆರೈಕೆಗೆಂದು ನನ್ನ ಮಗನ ಮನೆಯಿಂದ ಬಂದಿದ್ದೇನೆ.

ಅವಳ ಗಂಡ ಮಾತ್ರ ಚಿನ್ನ. ಅಳಿಯದೇವರು ಎಂದೇ ಕರೆಯಬೇಕು. ಮರದ ಪೀಠೋಪಕರಣದ ಅಂಗಡಿಯಲ್ಲಿ ಮ್ಯಾನೇಜರು. ಅಂಗಿಯ ಮೇಲೆ ಒಂದು ಸುಕ್ಕು ಇರುವುದಿಲ್ಲ. ಊಟಕ್ಕೆ ಮೊದಲು ಕೈ ತೊಳೆಯುತ್ತಾರೆ, ಊಟದ ಮೇಲೆ ತೊಳೆಯುತ್ತಾರೆ, ಬಾಗಿಲ ಹಿಡಿ ಮುಟ್ಟಿದರೂ ತೊಳೆಯುತ್ತಾರೆ. ಮಾತಾಡಿದರೆ ಎದುರಿಗಿರುವ ಲೋಟಕ್ಕೂ ಕೇಳಿಸದಷ್ಟು ಮೆತ್ತಗೆ. ಹೆಂಡತಿಗೆ ಸುಸ್ತಾಗುತ್ತದೆಂದು ಕೆಲಸ ಬಿಡಿಸಿದ್ದಾರೆ. ಕಣ್ಣಿಗೆ ಆಯಾಸವಾಗುತ್ತದೆಂದು ಅವಳ ಫೋನು ತಾವೇ ಇಟ್ಟುಕೊಂಡಿದ್ದಾರೆ. ಬಚ್ಚಲಲ್ಲಿ ತಲೆ ಸುತ್ತಿ ಬಿದ್ದರೆ ಗತಿಯೇನೆಂದು ಒಳಗಿನ ಚಿಲಕವನ್ನೇ ಬಿಚ್ಚಿಸಿದ್ದಾರೆ. ಕೆಲಸಕ್ಕೆ ಹೋಗುವಾಗ ನಮ್ಮಿಬ್ಬರನ್ನೂ ಒಳಗಿಟ್ಟು ಹೊರಗಿನಿಂದ ಬೀಗ ಹಾಕುತ್ತಾರೆ. "ಕಾಲ ಕೆಟ್ಟಿದೆ ಅಜ್ಜಿ, ಹೆಂಗಸ್ರು ಇಬ್ಬರೇ ಇರ್ತೀರ" ಎಂದರು.

ನನ್ನ ಗಂಡ ನಾನು ಬಾವಿಗೆ ಬಿದ್ದಿದ್ದರೂ ಹಗ್ಗ ಎಲ್ಲಿಟ್ಟಿದ್ದೀ ಎಂದು ಕೇಳುತ್ತಿದ್ದ ಮನುಷ್ಯ. ಪುಟ್ಟಿ ಪುಣ್ಯವಂತೆ. ಆದರೂ ಮುಖ ಊದಿಸಿಕೊಂಡೇ ಇರುತ್ತಾಳೆ. ಇರಲಿ, ಗಂಡ ಹೆಂಡಿರ ನಡುವೆ ಬಾಯಿ ಹಾಕುವವಳಲ್ಲ ನಾನು.

ಜೂನ್ 8, ಭಾನುವಾರ

ಅಳಿಯದೇವರಿಗೆ ಈ ವಯಸ್ಸಿಗೇ ಕಿವಿ ಮಂದವಾಗಿದೆ ಎಂದು ಕಾಣುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಪುಟ್ಟಿಗೆ, "ಬಾ, ಸ್ವಲ್ಪ ಮಲಗು" ಎಂದು ಮೆತ್ತಗೆ ಕರೆದರು. ಕೋಣೆಯ ಬಾಗಿಲು ಮುಚ್ಚಿತು. ಆಮೇಲೆ ರೇಡಿಯೋ ಹಾಕಿದರು ನೋಡು, ಅಡುಗೆಮನೆಯ ಲೋಟ ತಟ್ಟೆಯೆಲ್ಲ ನಡುಗಿದವು. ಯಾವುದೋ ಪಂದ್ಯದ ವರದಿ. ಮಲಗು ಎಂದು ಕರೆದು ಪಂದ್ಯ ಕೇಳಿಸಿದರೆ ಆ ಹುಡುಗಿ ನಿದ್ದೆ ಮಾಡುವುದು ಹೇಗೆ?

ರೇಡಿಯೋ ನಿಂತ ಮೇಲೆ ಪುಟ್ಟಿ ಹೊರಗೆ ಬಂದು ಸೀದಾ ಬಚ್ಚಲಿಗೆ ಹೋದಳು. ಬೆಳಿಗ್ಗೆ ಸ್ನಾನ ಆಗಿತ್ತು.

"ಎಷ್ಟು ಸಲ ಮೀಯ್ತೀಯೇ? ನೀನೇನು ಮೀನಾ?" ಎಂದೆ.

"ಸೆಕೆ ಅಜ್ಜಿ."

ಸೆಕೆ ಎಲ್ಲಿತ್ತು? ನಾನು ಶಾಲು ಹೊದ್ದು ಕೂತಿದ್ದೆ.

ಜೂನ್ 12, ಗುರುವಾರ

ನಿಂತು ಅಡುಗೆ ಮಾಡಿದ್ದಕ್ಕೆ ನನ್ನ ಕೆಳಗಿನ ತೊಂದರೆ ಜಾಸ್ತಿಯಾಗಿದೆ. ಮೂರನೇ ಹೆರಿಗೆಯಾಗಿ ಇನ್ನೂ ಮೈ ಹಸಿಯಾಗಿರುವಾಗಲೇ ನೀರಿನ ಕೊಡ ಹೊರಿಸಿದರು. ಅಂದಿನಿಂದ ಒಳಗಿನದು ಜಾರಿ ಕೆಳಗೆ ಬರುತ್ತದೆ. ಬಟ್ಟೆ ಬಿಗಿದು ಕಟ್ಟಿಕೊಂಡು ಓಡಾಡುತ್ತೇನೆ. ಯಾರಿಗೂ ಹೇಳಿದವಳಲ್ಲ. ಇಂಥದನ್ನು ಹೇಳಿಕೊಂಡು ತಿರುಗುವುದುಂಟೇ?

ಅಳಿಯಂದಿರು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದು ಕೇಳಿದರು. "ಅಜ್ಜಿ, ಅವಳ ದಿನ ಬಂತಾ? ನೀವು ಹೆಂಗಸ್ರು, ನಿಮಗೆ ಗೊತ್ತಾಗುತ್ತಲ್ಲ. ಬಂದರೆ ನನಗೊಂದು ಮಾತು ಹೇಳಿ."

ಹೇಳುತ್ತೇನೆ ಎಂದೆ. ಎಷ್ಟು ಗಂಡಸರಿಗೆ ಇಷ್ಟು ಕಾಳಜಿ ಇರುತ್ತದೆ? ಆದರೆ ಆ ಮಾತು ಮುಗಿದ ಕೂಡಲೇ ಏನೋ ಹೊಲಸು ಮೆಟ್ಟಿದವರಂತೆ ಮುಖ ಮಾಡಿ ಕೈ ತೊಳೆದುಕೊಂಡರು. ಅದು ಯಾಕೆ ಎಂದು ತಿಳಿಯಲಿಲ್ಲ.

ಜೂನ್ 15, ಭಾನುವಾರ

ಡಬ್ಬದ ಅಕ್ಕಿಯನ್ನು ಹಾಗೇ ಒಲೆಗೆ ಏರಿಸುವ ಜಾತಿ ನನ್ನದಲ್ಲ. ಬೆಳಿಗ್ಗೆಯೇ ಇಡೀ ಡಬ್ಬ ಮೊರಕ್ಕೆ ಸುರಿದು ಆರಿಸಲು ಕೂತೆ. ಅಡಿಯಲ್ಲಿ ಒಂದು ಬೆಳ್ಳಿ ಹಾಳೆಯ ಪಟ್ಟಿ ಸಿಕ್ಕಿತು, ಸಾಲು ಸಾಲು ಪುಟಾಣಿ ಮಾತ್ರೆ. ನನಗೆ ಮೈಯೆಲ್ಲ ಉರಿದುಹೋಯಿತು. ಹುಳು ಹಿಡಿಯದ ಹಾಗೆ ದಾಸ್ತಾನಿನ ಮೂಟೆಗೆ ಇಡುವ ವಿಷದ ಮಾತ್ರೆ ಇದು, ನಮ್ಮ ಕಡೆಯೂ ಇಡುತ್ತಿದ್ದರು. ತಿನ್ನುವ ಅಕ್ಕಿಗೇ ಹಾಕುತ್ತಾರೆಯೇ?

ಊಟಕ್ಕೆ ಎಲ್ಲರೂ ಕೂತಾಗ ಪಟ್ಟಿಯನ್ನು ಮೇಜಿನ ಮೇಲೆ ಎಸೆದೆ. "ನೋಡಿ ಅಳಿಯಂದ್ರೇ, ನಿಮ್ಮ ಹೆಂಡ್ತಿ ಸಂಸಾರ ಮಾಡೋ ಚೆಂದ! ಅನ್ನದ ಅಕ್ಕಿಗೆ ವಿಷ ಹಾಕಿಟ್ಟಿದ್ದಾಳೆ. ನಾನು ಬರದೇ ಇದ್ದಿದ್ರೆ ಇಬ್ಬರೂ ಹುಳದ ಜೊತೆ ಸಾಯ್ತಿದ್ರಿ!" ಎಂದು ನಕ್ಕೆ.

ಪುಟ್ಟಿಯ ಕೈ ತುತ್ತಿನ ಮೇಲೇ ನಿಂತಿತು. ಅಳಿಯಂದಿರು ಪಟ್ಟಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. ಆಮೇಲೆ ನಕ್ಕರು.

"ಹೌದಜ್ಜಿ. ಹುಳ ಆಗ್ಬಾರ್ದು ಅಂತಾನೇ ಇಟ್ಕೊಂಡಿದ್ದಾಳೆ."

ಪಟ್ಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಊಟ ಮುಗಿಸಿದರು. ಇನ್ನೊಂದು ಸಲ ಬಡಿಸಿಕೊಂಡರು ಕೂಡ. "ನೀವು ಬಂದಿದ್ದು ಒಳ್ಳೇದಾಯ್ತು ಅಜ್ಜಿ" ಎಂದರು. ಆಮೇಲೆ ಪುಟ್ಟಿಯನ್ನು ಮಲಗಲು ಕರೆದರು.

ಇವತ್ತಿನ ರೇಡಿಯೋ ಸಂಜೆಯವರೆಗೂ ನಿಲ್ಲಲಿಲ್ಲ. ಪೇಟೆ ಧಾರಣೆ ಓದಿದರು, ಹಾಡು ಹಾಕಿದರು, ಮಕ್ಕಳ ಕಾರ್ಯಕ್ರಮವೂ ಆಯಿತು. ಸ್ವಲ್ಪ ಸಣ್ಣಗೆ ಮಾಡಿ ಎಂದು ಬಾಗಿಲು ಬಡಿಯಲು ಎದ್ದೆ. ಯಾಕೋ ಬಾಗಿಲ ಹತ್ತಿರ ಹೋಗಿ ವಾಪಸು ಬಂದೆ.

ಜೂನ್ 16, ಸೋಮವಾರ

ಪುಟ್ಟಿಗೆ ಜ್ವರವಂತೆ. ಎಬ್ಬಿಸಬೇಡಿ ಎಂದು ಹೇಳಿ ಬೀಗ ಹಾಕಿಕೊಂಡು ಹೋದರು.

ಜೂನ್ 17, ಮಂಗಳವಾರ

ಜ್ವರವಿಲ್ಲ. ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಗಂಜಿ ಕುಡಿಸಲು ಹೋದರೆ ಗೋಡೆಯ ಕಡೆ ತಿರುಗಿ ಮಲಗಿದಳು.

"ಅಜ್ಜಿ, ಅದು ಹುಳಕ್ಕಲ್ಲ. ಬಸಿರಾಗದ ಹಾಗೆ ನಾನು ನುಂಗ್ತಿದ್ದ ಮಾತ್ರೆ, ಆಸ್ಪತ್ರೆಯಲ್ಲಿ ಗುಟ್ಟಾಗಿ ಕೊಟ್ಟಿದ್ರು."

ನಾನು ಸುಮ್ಮನಿರಬೇಕಿತ್ತು. ಬಾಯಿ ಕೇಳಬೇಕಲ್ಲ. "ಮದ್ವೆಯಾದೋಳು ಯಾರಾದ್ರೂ ಅದನ್ನ ನುಂಗ್ತಾಳೇನೇ? ಗಂಡ ಮಗು ಬೇಕು ಅನ್ನೋದು ತಪ್ಪಾ?" ಎಂದುಬಿಟ್ಟೆ.

ಅವಳು ಅಳಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಕನ್ನಡಕದ ನಂಬರು ಹೇಳುವ ಹಾಗೆ ಹೇಳಿದಳು. "ಮೈಯಲ್ಲಿ ರಕ್ತ ಇಲ್ಲ, ಒಂದು ವರ್ಷ ಬೇಡವೇ ಬೇಡ, ಇನ್ನೊಂದು ಸಲ ಹೀಗಾದ್ರೆ ಜೀವ ಉಳಿಸೋದು ಕಷ್ಟ ಅಂತ ಡಾಕ್ಟ್ರು ಅವರ ಎದುರಿಗೇ ಹೇಳಿದ್ರು. ಆಸ್ಪತ್ರೆಯಿಂದ ಬಂದ ವಾರಕ್ಕೇ ಶುರು ಮಾಡಿದ್ರು ಅಜ್ಜಿ. ನಾನು ಬೇಡ ಅಂದ್ರೆ ರೇಡಿಯೋ ಹಾಕ್ತಾರೆ."

ಗಂಜಿ ಆರಿಹೋಯಿತು.

ಜೂನ್ 19, ಗುರುವಾರ

ಬರೆಯುವಂಥದ್ದೇನೂ ಇಲ್ಲ. ಎರಡು ದಿನದಿಂದ ಅಕ್ಕಿ ಆರಿಸಿಲ್ಲ.

ಬೇಡ ಎಂಬ ಮಾತನ್ನು ನನ್ನ ಕಾಲದಲ್ಲಿ ನಾನು ಹೇಳಿದ್ದುಂಟೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ಕೇಳಿಸಿಕೊಂಡವರಿಲ್ಲ. ನಮ್ಮಲ್ಲಿ ರೇಡಿಯೋನೂ ಇರಲಿಲ್ಲ.

ಜೂನ್ 22, ಭಾನುವಾರ

ಊಟವಾಯಿತು. ಬಾಗಿಲು ಮುಚ್ಚಿತು. ಪಂದ್ಯದ ವರದಿ ಶುರುವಾಯಿತು. ನಾನು ನೀರು ತುಂಬಿದ ದೊಡ್ಡ ಪಾತ್ರೆಯನ್ನು ಎತ್ತಿ ಕಲ್ಲಿನ ನೆಲಕ್ಕೆ ಹಾಕಿ, ಪಕ್ಕದಲ್ಲಿ ಕಾಲು ಚಾಚಿ ಮಲಗಿ, "ಅಯ್ಯಯ್ಯೋ ಸತ್ತೆ!" ಎಂದು ಕೂಗಿದೆ. ಎಮ್ಮೆಗಳನ್ನು ಕೂಗಿ ಕೂಗಿ ಪಳಗಿದ ಗಂಟಲು, ಯಾವ ರೇಡಿಯೋಗೂ ಬಗ್ಗುವುದಿಲ್ಲ.

ಅವನು ಹೊರಗೆ ಬಂದ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ನನ್ನನ್ನೂ ಪಾತ್ರೆಯನ್ನೂ ನೋಡಿದ. ಚೆಲ್ಲಿದ ನೀರು ಅವನ ಕಾಲ ಹತ್ತಿರ ಬಂತು. ಒಂದು ಹೆಜ್ಜೆ ಹಿಂದೆ ಸರಿದ.

"ಎಲ್ಲಿ ಪೆಟ್ಟಾಯ್ತು ಅಜ್ಜಿ?"

"ಎಲ್ಲಾ ಕಡೆ."

"ನಿಮ್ಮ ವಯಸ್ಸಿಗೆ ಈ ಮನೆ ಆಗಿಬರಲ್ಲ. ಬಿದ್ದು ಏನಾದ್ರೂ ಆದ್ರೆ ನನ್ನ ತಲೆ ಮೇಲೆ ಬರುತ್ತೆ. ನಿಮ್ಮ ಮಗನಿಗೆ ಹೇಳಿ ಕಳಿಸಿಬಿಡ್ತೀನಿ."

ದನಿ ಸ್ವಲ್ಪವೂ ಏರಲಿಲ್ಲ. ಪುಟ್ಟಿ ಹಿಂದಿನಿಂದ ಬಂದು ನೆಲ ಒರೆಸಿದಳು. ಬಗ್ಗಿದಾಗ ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ನಾನು ಹೋದರೆ ಈ ಮನೆಯಲ್ಲಿ ಪಾತ್ರೆ ಬೀಳಿಸುವವರು ಯಾರು?

ಜೂನ್ 26, ಗುರುವಾರ

ಪುಟ್ಟಿಗೆ ಆಸ್ಪತ್ರೆ ಬೇಕು, ಅವನು ಬಿಡುವುದಿಲ್ಲ. ಬೀಗದ ಕೈ ಅವನ ಜೇಬಿನಲ್ಲಿ. ನನ್ನ ಹತ್ತಿರ ಫೋನಿಲ್ಲ, ನನ್ನ ಮಗ ಅಳಿಯನ ಫೋನಿಗೇ ಮಾಡುತ್ತಾನೆ. ಮಾತಾಡುವಾಗ ಅವನು ಎದುರಿಗೇ ಕೂತಿರುತ್ತಾನೆ. ಎರಡು ದಿನ ಕೂತು ಯೋಚಿಸಿದೆ. ನನ್ನ ಬಳಿ ಇರುವುದು ಒಂದು ಬಾಯಿ, ಒಂದು ಜಾರಿದ ಗರ್ಭಕೋಶ. ಎರಡನ್ನೂ ಇವತ್ತು ಊಟದ ಮೇಜಿನ ಮೇಲೆ ಇಟ್ಟುಬಿಟ್ಟೆ.

"ಅಳಿಯಂದ್ರೇ, ನನ್ನ ಗರ್ಭಕೋಶ ಹೊರಗೆ ಬಂದಿದೆ."

ಅವನು ತುತ್ತು ನುಂಗಲಿಲ್ಲ.

"ಕೂತ್ರೆ ಒಳಗೆ ಹೋಗುತ್ತೆ, ನಿಂತ್ರೆ ಜಾರುತ್ತೆ. ಇಷ್ಟು ದಪ್ಪ ಇದೆ. ಒರೆಸಿ ಒರೆಸಿ ಹುಣ್ಣಾಗಿದೆ, ನೀರು ಬೇರೆ ಇಳೀತಿದೆ. ವಾಸನೆ ಬಂದಿಲ್ವಾ ನಿಮಗೆ? ಈ ಕುರ್ಚಿ ಮೇಲೇ ಕೂರ್ತೀನಲ್ಲ ದಿನಾ."

ತಟ್ಟೆ ಬಿಟ್ಟು ಎದ್ದ. ಬೇಸಿನ್ನಿನಲ್ಲಿ ನೀರು ಹರಿಯುತ್ತಲೇ ಇತ್ತು. ಅಲ್ಲಿಂದಲೇ ಹೇಳಿದ, "ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

"ಬನ್ನಿ ಮತ್ತೆ, ಒಳಗೂ ಬನ್ನಿ. ಬಟ್ಟೆ ಬಿಚ್ಚಿ ಕಾಲು ಅಗಲಿಸಿ ಮಲಗಿಸ್ತಾರೆ, ಹಿಡ್ಕೊಳ್ಳೋಕೆ ಮನೆಯೋರೊಬ್ಬರು ಬೇಕು."

ನೀರು ನಿಂತಿತು. "ಅವಳು ಬರ್ತಾಳೆ" ಎಂದ.

ಪುಟ್ಟಿ ತಲೆ ತಗ್ಗಿಸಿ ಕೂತಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ತಿಳಿದೆ. ಅಳುತ್ತಿರಲಿಲ್ಲ, ನಗು ತಡೆಯುತ್ತಿದ್ದಳು. ನಾನು ಈ ಮನೆಗೆ ಬಂದ ಮೇಲೆ ಇದೇ ಮೊದಲು.

ಜುಲೈ 1, ಮಂಗಳವಾರ

ಹೆಂಗಸರ ವಿಭಾಗದ ಬಾಗಿಲಿಗೆ ಗಂಡಸರು ಇಲ್ಲಿಂದ ಮುಂದೆ ಬರಬಾರದೆಂದು ಬರೆದಿದೆ. ಅವನು ಅದರ ಹೊರಗೆ ಬೆಂಚಿನ ಮೇಲೆ ಕರವಸ್ತ್ರ ಹಾಸಿ ಕೂತ.

ಡಾಕ್ಟರಮ್ಮ ನನ್ನನ್ನು ಮಲಗಿಸಿ ನೋಡಿದರು. ಇಷ್ಟು ಕಾಲದಲ್ಲಿ ಮೊದಲ ಸಲ ಒಬ್ಬರು ನೋಡಿದ್ದು. "ಇಷ್ಟು ವರ್ಷ ಹೇಗೆ ತಡ್ಕೊಂಡ್ರಿ ಅಜ್ಜಿ?" ಎಂದರು. ಜಾರದಂತೆ ಒಳಗೆ ಒಂದು ರಬ್ಬರಿನ ಬಳೆ ಕೂರಿಸಿದರು. ಎದ್ದು ನಿಂತೆ, ಕೆಳಗೆ ಎಳೆಯಲಿಲ್ಲ. ನೆಲ ನನ್ನನ್ನು ಬಿಟ್ಟುಕೊಟ್ಟ ಹಾಗಾಯಿತು. ಪೂರ್ತಿ ಸರಿಹೋಗಲು ಆಪರೇಷನ್ ಬೇಕು, ನಾಲ್ಕು ದಿನ ಇಲ್ಲೇ ಇರಬೇಕು ಎಂದರು.

ನಾನು ಪುಟ್ಟಿಯ ಮಾತೆತ್ತಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಮುಂದೆ ಬಂದು, ಕುತ್ತಿಗೆಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಬಿಚ್ಚಿದಳು. ಎರಡು ಕಡೆಯೂ ಬೆರಳಿನ ಗುರುತು, ನೀಲಿ. ನಾನು ಒಂದೇ ಮನೆಯಲ್ಲಿದ್ದೂ ನೋಡಿರಲಿಲ್ಲ.

"ನನಗೆ ಬಸಿರು ನಿಲ್ಲದ ಹಾಗೆ ಇಂಜೆಕ್ಷನ್ ಬೇಕು ಮೇಡಂ. ಮಾತ್ರೆ ಆದ್ರೆ ಸಿಕ್ಕಿಬಿಡುತ್ತೆ" ಎಂದಳು.

ಡಾಕ್ಟರಮ್ಮ ಬಾಗಿಲು ಮುಚ್ಚಿ ಬಂದರು. ಸದ್ಯ ಬಸಿರಿಲ್ಲವೆಂದು ಪರೀಕ್ಷೆ ಮಾಡಿ ಇಂಜೆಕ್ಷನ್ ಕೊಟ್ಟರು. ಆಮೇಲೆ ಅವಳ ಎದುರು ಸ್ಟೂಲಿನ ಮೇಲೆ ಕೂತು ಹೇಳಿದರು. "ಬಸಿರು ನಿಲ್ಲಲ್ಲ, ಆದ್ರೆ ಅವನ ಕೈಯನ್ನ ಇದು ತಡೆಯಲ್ಲ. ಕುತ್ತಿಗೆಗೆ ಕೈ ಹಾಕಿದೋನು ಇನ್ನೊಂದು ಸಲ ಹಾಕ್ತಾನೆ. ಕಾಯ್ಬೇಡ. ಯಾವತ್ತು ಹೊರಡ್ತೀಯೋ ಹೇಳು, ಹಿಂದಿನ ಗೇಟು ಇದೆ, ನಾವಿದ್ದೀವಿ. ಪೊಲೀಸಿಗೆ ಹೇಳೋದಾದ್ರೂ ನಾನು ಬರ್ಕೊಡ್ತೀನಿ."

ನರ್ಸಿನ ಫೋನಿನಿಂದ ನನ್ನ ತಂಗಿಗೆ ಮಾಡಿದೆವು. ತಂಗಿಗೂ ನನಗೂ ಒಂದು ಜೊತೆ ಬೆಳ್ಳಿ ಲೋಟದ ವಿಷಯಕ್ಕೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

"ಯಾರು?"

"ನಿನ್ನಕ್ಕ ಕಣೇ, ಲೋಟದ ಕಳ್ಳಿ."

ಎಲ್ಲ ಕೇಳಿಸಿಕೊಂಡು ಒಂದೇ ಮಾತು ಅಂದಳು. "ಯಾವತ್ತು ಅಂತ ಹೇಳು, ಗಾಡಿ ಮಾಡ್ಕೊಂಡು ಬರ್ತೀನಿ. ಲೋಟದ ಜಗಳ ಆಮೇಲೆ ಮುಂದುವರಿಸೋಣ."

ಇವತ್ತೇ ಹೊರಡು ಎಂದು ಪುಟ್ಟಿಗೆ ಅಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ಅವಳ ಓದಿನ ಸರ್ಟಿಫಿಕೇಟು, ಅವಳ ಅಮ್ಮನದೆಂದು ಇರುವ ಒಂದೇ ಫೋಟೋ, ಎಲ್ಲ ಆ ಮನೆಯಲ್ಲಿವೆ. "ಅವನ ಕೈಗೆ ಅದನ್ನ ಬಿಟ್ಟು ಬರಲ್ಲ ಅಜ್ಜಿ."

ಹೊರಗೆ ಬಂದಾಗ ಅವನು ಕರವಸ್ತ್ರ ಮಡಿಸಿಕೊಂಡು ಎದ್ದ. "ಬಹಳ ಹೊತ್ತಾಯ್ತು" ಎಂದ. ಪುಟ್ಟಿಯ ಕುತ್ತಿಗೆಯ ಬಟ್ಟೆಯ ಗಂಟನ್ನೇ ನೋಡಿದ. ಹೋಗುವಾಗ ಇದ್ದ ಗಂಟಲ್ಲ ಅದು.

ಜುಲೈ 9, ಬುಧವಾರ

ಇವತ್ತು ಅವನು ಬಹಳ ಸಂತೋಷದಲ್ಲಿದ್ದ. ಹಣ್ಣು ತಂದಿದ್ದ, ತಾನೇ ಹೆಚ್ಚಿಕೊಟ್ಟ.

"ಅಜ್ಜಿ, ನಿಮ್ಮ ಆಪರೇಷನ್ನಿಗೆ ಮಾತಾಡಿದ್ದೀನಿ. ಸೋಮವಾರ ಸೇರಿಸ್ಕೋತಾರೆ. ಆದ ಮೇಲೆ ಸೀದಾ ನಿಮ್ಮ ಮಗನ ಮನೆಗೆ. ಅಲ್ಲೇ ಆರಾಮ ಮಾಡ್ಕೊಳ್ಳಿ." ಆಮೇಲೆ ಚಾಕು ಒರೆಸುತ್ತಾ, "ಮುಂದಿನ ವಾರ ಇವಳನ್ನೂ ನನಗೆ ಗೊತ್ತಿರೋ ಬೇರೆ ಡಾಕ್ಟ್ರಿಗೆ ತೋರಿಸ್ತೀನಿ. ರಕ್ತ ಎಲ್ಲಾ ಪರೀಕ್ಷೆ ಮಾಡಿಸ್ತೀನಿ. ಏನೇನು ತಗೊಂಡಿದ್ದಾಳೋ ಎಲ್ಲಾ ಗೊತ್ತಾಗ್ಲಿ."

ಪುಟ್ಟಿ ಹಣ್ಣಿನ ಹೋಳನ್ನು ಬಾಯಿಗಿಟ್ಟುಕೊಂಡು ಅಗಿಯುತ್ತಲೇ ಇದ್ದಳು.

"ವಾರ್ಡಿನಲ್ಲಿ ಜೊತೆಗೆ ಹೆಂಗಸು ಇರಬೇಕಂತಲ್ಲ" ಎಂದೆ.

"ಆಯಾನ ಗೊತ್ತು ಮಾಡ್ತೀನಿ."

"ನನ್ನ ರಕ್ತದ ಬಟ್ಟೆ ಕಂಡೋರ ಕೈಲಿ ಒಗೆಸಿದ್ರೆ ನಾನು ಟೇಬಲ್ಲು ಹತ್ತೋದಿಲ್ಲ. ಇಲ್ಲೇ ಇದ್ದುಬಿಡ್ತೀನಿ, ಈ ಕುರ್ಚಿ ಮೇಲೆ. ಬಳೆ ಜಾರಿದ್ರೆ ನೀವೇ ಸ್ವಲ್ಪ ಒಳಗೆ ತಳ್ಳಿ."

ಬಹಳ ಹೊತ್ತು ನನ್ನ ಮುಖ ನೋಡಿದ. ನಾನೂ ನೋಡಿದೆ. ಕೊನೆಗೆ, "ನಾಲ್ಕೇ ದಿನ. ನಾನು ರಜಾ ಹಾಕಿ ಕೆಳಗೇ ಇರ್ತೀನಿ" ಎಂದ.

ಜುಲೈ 13, ಭಾನುವಾರ

ಊಟ ಆದ ಕೂಡಲೇ ನನಗೆ ವಿಪರೀತ ಹೊಟ್ಟೆನೋವು. ಪುಟ್ಟಿಯ ತೊಡೆ ಮೇಲೆ ತಲೆಯಿಟ್ಟು ಸಂಜೆಯವರೆಗೂ ನರಳಿದೆ. ಅವನು ಬಾಗಿಲಲ್ಲಿ ನಿಂತು ನೋಡಿದ, ಹೋದ, ಮತ್ತೆ ಬಂದು ನೋಡಿದ. ರೇಡಿಯೋ ಹಾಕಲಿಲ್ಲ.

ಅವನು ಸ್ನಾನಕ್ಕೆ ಹೋದಾಗ ಚೀಲ ಕಟ್ಟಿದೆವು. ಅಡಿಯಲ್ಲಿ ಸರ್ಟಿಫಿಕೇಟು, ಫೋಟೋ, ಪುಟ್ಟಿಯ ಎರಡು ಜೊತೆ ಬಟ್ಟೆ. ಅದರ ಮೇಲೆ ನನ್ನ ಸೀರೆ. ಎಲ್ಲಕ್ಕಿಂತ ಮೇಲೆ ನಾನು ಕಟ್ಟಿಕೊಳ್ಳುತ್ತಿದ್ದ ಹಳೇ ಬಟ್ಟೆಗಳು, ಒಗೆಯದೇ ಇಟ್ಟವು.

"ಚೀಲ ತೆಗೆದು ನೋಡಿದ್ರೆ?" ಎಂದಳು ಪುಟ್ಟಿ.

"ನೋಡ್ಲಿ. ನಿನ್ನ ಗಂಡ ಕೈ ತೊಳೆದು ತೊಳೆದೇ ಸಾಯೋ ಮನುಷ್ಯ."

ಜುಲೈ 14, ಸೋಮವಾರ

ವಾರ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿಯ ಪಕ್ಕದ ಹಾಸಿಗೆ.

ಬೆಳಿಗ್ಗೆ ಹೊರಡುವಾಗ ಅವನು ಚೀಲದ ಮುಂದೆ ನಿಂತ. "ಇಷ್ಟು ಭಾರ ಏನಿದೆ?" ಎಂದು ಜಿಪ್ಪು ಎಳೆದ. ಮೇಲಿನ ಬಟ್ಟೆ ಕಂಡಿತು, ವಾಸನೆ ಬಡಿಯಿತು. ಮುಖ ತಿರುಗಿಸಿ ಜಿಪ್ಪು ಮುಚ್ಚಿದ. ಪುಟ್ಟಿ ಎತ್ತಿಕೊಳ್ಳಲು ಬಗ್ಗಿದಳು, ಅವಳನ್ನು ತಡೆದ. ಅವಳು ಭಾರ ಎತ್ತಿದರೆ ಹೊಟ್ಟೆಗೆ ತೊಂದರೆಯಂತೆ. ಎರಡೇ ಬೆರಳಲ್ಲಿ ಹಿಡಿಕೆ ಹಿಡಿದು, ಮೈಯಿಂದ ದೂರ ಚಾಚಿಕೊಂಡು, ಎಲ್ಲವನ್ನೂ ತಾನೇ ಮೆಟ್ಟಿಲಿಳಿಸಿ ಕಾರಿನೊಳಗೆ ಇಟ್ಟ.

ಆಪರೇಷನ್ ನಾಳೆಗೆಂದು ಅವನಿಗೆ ಹೇಳಿದ್ದಾರೆ. ನನ್ನ ಆಪರೇಷನ್ ಇನ್ನೊಂದು ಊರಲ್ಲೂ ಆದೀತು ಎಂದು ಡಾಕ್ಟರಮ್ಮ ಚೀಟಿ ಬರೆದುಕೊಟ್ಟಿದ್ದಾರೆ. ರಬ್ಬರಿನ ಬಳೆ ಸಾಕು ಸದ್ಯಕ್ಕೆ, ಅದನ್ನು ಹಾಕಿಕೊಂಡು ಎಷ್ಟು ದೂರ ಬೇಕಾದರೂ ನಡೆಯಬಲ್ಲೆ. ವಾರ್ಡಿಗೆ ಬಂದ ಕೂಡಲೇ ನರ್ಸಿನ ಫೋನಿನಿಂದ ತಂಗಿಗೆ ಹೇಳಿದೆವು, ಅವಳು ಹಿಂದಿನ ಗೇಟಿಗೆ ಬಂದಾಯಿತು. ನರ್ಸು ಬಂದು, "ಅಜ್ಜಿ, ಈಗ" ಎಂದು ಹೇಳಿ ಹೋದಳು. ಪುಟ್ಟಿ ಪರದೆಯ ಹಿಂದೆ ಬಟ್ಟೆ ಬದಲಾಯಿಸುತ್ತಿದ್ದಾಳೆ. ಅಷ್ಟರೊಳಗೆ ಇಷ್ಟು ಬರೆದೆ.

ಗಂಡ ಹೆಂಡಿರ ನಡುವೆ ಬಾಯಿ ಹಾಕುವವಳಲ್ಲ ನಾನು. ಆಸ್ಪತ್ರೆಗೆ ಬಂದ ಮುದುಕಿ, ಅಷ್ಟೇ.

ಅವನು ಕೆಳಗೆ ಮುಂದಿನ ಗೇಟಿನ ಹತ್ತಿರ ಕಾರಿನಲ್ಲಿದ್ದಾನೆ. ಬಾಗಿಲು ತೆರೆದಿಟ್ಟು, ಒಂದು ಕಾಲು ಹೊರಗಿಟ್ಟು, ನಮ್ಮ ಕಿಟಕಿಯನ್ನೇ ನೋಡುತ್ತಿದ್ದಾನೆ. ಈಗ ರೇಡಿಯೋ ಹಾಕಿದ. ಪರದೆಯ ಹಿಂದೆ ಪುಟ್ಟಿಯ ಕೈಬಳೆಯ ಸದ್ದು ನಿಂತುಹೋಯಿತು.

"ಅಜ್ಜಿ..."

"ಬಾರೇ" ಎಂದೆ. "ಜೋರಾಗೇ ಹಾಕ್ಕೊಳ್ಲಿ. ನಾವು ಇಳಿಯೋದು ಅವನಿಗೆ ಕೇಳಿಸಲ್ಲ."